ಯಾವ ಪರೀಕ್ಷೆಯ ನೆಗೆಟಿವ್?

“ಟಿಬಿ ಇಲ್ಲವಂತೆ ಹಕೀಮ್ ಸಾಹೇಬ್, ರಿಪೋರ್ಟ್ ನೆಗೆಟಿವ್ ಬಂದಿದೆ. ಕೆಮ್ಮಿಗೆ ಒಂದು ಶರಬತ್ತು ಕೊಡಿ.” ವಿನೋಬನಗರದ ನನ್ನ ದವಾಖಾನೆಯಲ್ಲಿ ತಾಯಂದಿರು ಹೀಗೆ ಹೇಳುವುದುಂಟು. ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದರಂತೂ ಆ ಕಾಗದವನ್ನು ಪ್ರಶ್ನಿಸಲು ಮನೆಯಲ್ಲಿ ಯಾರಿಗೂ ಮನಸ್ಸಿರುವುದಿಲ್ಲ. ನಾನು ಮಾತ್ರ ಕೇಳುತ್ತೇನೆ: ಯಾವ ಪರೀಕ್ಷೆಯ ನೆಗೆಟಿವ್?

ಸೂಕ್ಷ್ಮದರ್ಶಕದ ಹಳೆಯ ಪರೀಕ್ಷೆಯಲ್ಲಿ ರೋಗಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ರೋಗ ಮೈಯಲ್ಲಿರುತ್ತದೆ, ರಿಪೋರ್ಟಿನಲ್ಲಿ ಇರುವುದಿಲ್ಲ.

ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ನೀಡಿತು. ಅದು ಕೆಲಸ ಮಾಡುವ ಬಗೆ ನನಗೆ ನಮ್ಮ ರುಬ್ಬುಸ್ಸೂಸನ್ನು ನೆನಪಿಸುತ್ತದೆ. ಮುಲೇಠಿ, ಅಂದರೆ ಜ್ಯೇಷ್ಠಮಧುವಿನ ಕಷಾಯವನ್ನು ಬತ್ತಿಸಿ ಸಾರವನ್ನಷ್ಟೇ ಉಳಿಸಿಕೊಳ್ಳುತ್ತೇವಲ್ಲ, ಹಾಗೆ. ಇಲ್ಲಿ ಬೆಂಕಿಯಿಲ್ಲ ಅಷ್ಟೆ. ಕಫವನ್ನು ಕರಗಿಸಿ, ರೋಗಾಣುವನ್ನು ಒಡೆದು, ಅಂಗೈಯಲ್ಲಿ ಹಿಡಿಯುವಂಥ ಕಾರ್ಟ್ರಿಜ್‌ನೊಳಗೆ ಹರಿಸುತ್ತಾರೆ. ಡಿಎನ್‌ಎ ಅಲ್ಲಿ ಅಂಟಿಕೊಳ್ಳುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಅಂಟಿದ್ದನ್ನು ಸ್ವಲ್ಪವೇ ದ್ರವದಲ್ಲಿ ಬಿಡಿಸಿ, ಅದರಲ್ಲಿ 6 ಮೈಕ್ರೋಲೀಟರನ್ನು, ಒಂದು ಹನಿಗಿಂತ ಕಡಿಮೆ, ಚಿಪ್ಪಿನ ಮೇಲೆ ಹಾಕುತ್ತಾರೆ. ಸುಮಾರು ಒಂದು ಗಂಟೆಯಲ್ಲಿ ಉತ್ತರ ಸಿಗುತ್ತದೆ. ರೋಗವಿದ್ದರೆ ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಇನ್ನೊಂದು ಚಿಪ್ಪು ಹೇಳುತ್ತದೆ.

ಆದರೆ ಡಬ್ಬಿಯಲ್ಲಿ ಇಲ್ಲದ್ದನ್ನು ಯಾವ ಯಂತ್ರವೂ ಒಟ್ಟುಗೂಡಿಸಲಾರದು. ನಮ್ಮ ಹೆಣ್ಣುಮಕ್ಕಳು ಜನರೆದುರು ಜೋರಾಗಿ ಕೆಮ್ಮಲು ನಾಚಿ ಬರೀ ಉಗುಳು ಕೊಟ್ಟು ಬರುತ್ತಾರೆ. ಡಬ್ಬಿಯನ್ನು ಮನೆಗೆ ತನ್ನಿ. ಬೆಳಿಗ್ಗೆ ಎದ್ದೊಡನೆ ನೀರಿನಿಂದ ಬಾಯಿ ಮುಕ್ಕಳಿಸಿ, ಮಹಡಿಗೋ ಹಿತ್ತಲಿಗೋ ಹೋಗಿ, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದುಕೊಂಡು ಎದೆಯಾಳದಿಂದ ಕೆಮ್ಮಿ. ಗಟ್ಟಿ ಕಫ ಬರಬೇಕು. ಮುಚ್ಚಳ ಬಿಗಿದು ಅಂದೇ ತಲುಪಿಸಿ.

ನಮ್ಮ ವೃತ್ತಿಯವರದ್ದೂ ತಪ್ಪಿದೆ. ಶರಬತ್ತು ಬದಲಿಸುತ್ತಾ ತಿಂಗಳು ಕಳೆಯುವ ಹಕೀಮರಿದ್ದಾರೆ. ಎರಡು ವಾರ ದಾಟಿದ ಕೆಮ್ಮಿಗೆ, ಕಫ ಪರೀಕ್ಷೆಯಾಗದೆ ನಾನು ಬಾಟಲಿ ಕೊಡುವುದಿಲ್ಲ. ಬೇಸರಪಟ್ಟು ಬೇರೆ ಕಡೆ ಹೋದವರೂ ಇದ್ದಾರೆ, ಇರಲಿ.

ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕಾಗಿ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಸಹಾಯಧನವಿದೆ. ಅಲ್ಲಿ “ಕಫವನ್ನು ಟ್ರೂನ್ಯಾಟ್‌ನಲ್ಲಿ ನೋಡುತ್ತೀರಾ?” ಎಂದು ಕೇಳಲು ಸಂಕೋಚ ಬೇಡ. ಅದರಲ್ಲೂ ನೆಗೆಟಿವ್ ಬಂದು ಜ್ವರ, ತೂಕ ಇಳಿಕೆ ಮುಂದುವರಿದರೆ ಎಕ್ಸ್‌ರೇ ಮಾಡಿಸಿ. ಕುತ್ತಿಗೆಯಲ್ಲಿ ಗಂಟಿದ್ದರೆ ಕಫವೊಂದೇ ಸಾಲದು, ಗಂಟಿನಿಂದಲೇ ಮಾದರಿ ತೆಗೆಯಬೇಕಾಗುತ್ತದೆ.