ಗೊರಕೆ ಅಂದ್ರೆ ಒಳ್ಳೆ ನಿದ್ದೆ ಅಲ್ಲ

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಅಂತ ಗಾದೆ. ಆದ್ರೆ ಸಂತೆಯಲ್ಲಿ, ಬಸ್ಸಲ್ಲಿ, ಕೂತ ಕಡೆಯೆಲ್ಲ ತೂಕಡಿಸುವವನಿಗೆ ರಾತ್ರಿ ನಿದ್ದೆಯೇ ಆಗಿರದೆ ಇರಬಹುದು. ನಾವು ಮಾತ್ರ ಜೋರು ಗೊರಕೆ ಕೇಳಿ "ಏನ್ ನಿದ್ದೆನಪ್ಪಾ!" ಅಂತ ನಗ್ತೀವಿ. ಈ ನಗು ಬಿಡಬೇಕು ಅನ್ನೋದು ನನ್ನ ವಾದ.

ಇದರ ಮೆಕ್ಯಾನಿಕ್ಸ್ ನಮಗೇನು ಕಷ್ಟವಲ್ಲ. ಗಂಟಲು ಒಂದು ಮೆತ್ತನೆ ಪೈಪ್. ನಿದ್ದೆಯಲ್ಲಿ ಸ್ನಾಯು ಸಡಿಲವಾಗಿ ಪೈಪ್ ಕಿರಿದಾದಾಗ ಅದರ ಗೋಡೆ ಅದುರುತ್ತದೆ; ಅದೇ ಗೊರಕೆ. ಪೂರ್ತಿ ಮುಚ್ಚಿಕೊಂಡರೆ ಉಸಿರೇ ನಿಲ್ಲುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಮೆದುಳು ಅರೆ ಎಚ್ಚರವಾಗಿ ಗಂಟಲು ಬಿಡಿಸುತ್ತದೆ, ಬಿಪಿ ಏರುತ್ತದೆ. ಕನಿಷ್ಠ 10 ಸೆಕೆಂಡ್ ಉಸಿರು ನಿಲ್ಲೋದು ಅಥವಾ ತೀರಾ ಕಮ್ಮಿಯಾಗೋದು ಗಂಟೆಗೆ 30 ಸಲ ಆದರೆ ಅದು ತೀವ್ರ ಸ್ಲೀಪ್ ಆಪ್ನಿಯಾ. ಬೆಳಗ್ಗೆ ಎದ್ದವರಿಗೆ ಇದ್ಯಾವುದೂ ನೆನಪಿರಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಬಿಪಿ, ಹೃದಯದ ತೊಂದರೆ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ನಮ್ಮ ಕಡೆ ಇದು ಸುಲಭವಾಗಿ ಬಚ್ಚಿಟ್ಟುಕೊಳ್ಳುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ಕಬ್ಬು-ಭತ್ತದ ಕೆಲಸ, ನಾಗಮಂಗಲ, ಕೆ.ಆರ್.ಪೇಟೆ ಕಡೆ ರಾತ್ರಿ ತ್ರೀ ಫೇಸ್ ಬಂದರೆ ಎದ್ದು ಪಂಪ್ ಹಾಕಬೇಕು. ಹಾಗಾಗಿ ಅಪ್ಪ ಹಗಲು ತೂಕಡಿಸಿದರೆ "ದುಡಿದು ಸುಸ್ತು" ಅಂದುಕೊಂಡು ಸುಮ್ಮನಾಗ್ತೀವಿ. ಬಿಪಿ ಮಾತ್ರೆ ತರ್ತೀವಿ, ಗೊರಕೆ ವಿಚಾರ ಡಾಕ್ಟರಿಗೆ ಹೇಳೋದೇ ಇಲ್ಲ.

ದಾರಿ ಇಲ್ಲದ ಕಾಯಿಲೆಯೂ ಅಲ್ಲ. ಮೂಗಿನ ಮಾಸ್ಕಿನಿಂದ ಗಾಳಿಯ ಒತ್ತಡ ಕೊಟ್ಟು ಗಂಟಲು ತೆರೆದಿಡುವ ಸಿಪ್ಯಾಪ್ ಚಿಕಿತ್ಸೆಯನ್ನು ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ತಂಡ 1981ರಲ್ಲೇ ಪ್ರಕಟಿಸಿತು. ಮೆಷಿನ್ ದುಬಾರಿ, ನಿಜ. ಆದ್ರೆ ಎಲ್ಲರಿಗೂ ಮೆಷಿನ್ನೇ ಬೇಕಾಗಲ್ಲ; ತೂಕ ಇಳಿಸೋದು, ರಾತ್ರಿ ಕುಡಿತ ಬಿಡೋದು, ಮಗ್ಗುಲಾಗಿ ಮಲಗೋದು ಎಷ್ಟೋ ಜನಕ್ಕೆ ಸಹಾಯ ಮಾಡುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ ನೋಡುವಾಗ "ಗೊರಕೆ ಇದೆಯಾ? ಮಧ್ಯೆ ಉಸಿರು ನಿಲ್ಲುತ್ತಾ?" ಅಂತ ಕೇಳೋಕೆ ಖರ್ಚೇನೂ ಇಲ್ಲ. ಅದು ಪದ್ಧತಿಯಾಗಬೇಕು.

ಹಾಸ್ಟೆಲಲ್ಲಿ ನೈಟ್‌ಔಟ್ ಮಾಡಿ ಮೆರೆಯೋ ನಾವು ಈ ವೀಕೆಂಡ್ ಊರಿಗೆ ಹೋದಾಗ ಒಂದು ರಾತ್ರಿ ಕಿವಿಗೊಡೋಣ. ಗೊರಕೆ ತಟ್ಟನೆ ನಿಂತು, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾದರೆ ಫೋನಲ್ಲಿ ರೆಕಾರ್ಡ್ ಮಾಡಿ ಡಾಕ್ಟರಿಗೆ ಕೇಳಿಸೋಣ. ಜೊತೆಗೆ ಅಮ್ಮನನ್ನೂ ಕೇಳಿ. ಅವರಿಗೆ ಇದು ಎಷ್ಟೋ ವರ್ಷದಿಂದ ಗೊತ್ತಿರುತ್ತೆ. ಯಾರೂ ಕೇಳಿರಲ್ಲ, ಅಷ್ಟೇ.