ಅಪ್ಪಣ್ಣನವರ ಪಟದ ಕೆಳಗೆ ಕೂಲಿಯಿಲ್ಲದ ಕಾಯಕ



ಪ್ರತಿ ವರ್ಷ ಆಷಾಢ ಹುಣ್ಣಿಮೆಗೆ ನಾವು ಹಡಪದ ಅಪ್ಪಣ್ಣನವರ ಜಯಂತಿ ಮಾಡುತ್ತೇವೆ. ಪಟಕ್ಕೆ ಹೂ ಏರಿಸುತ್ತೇವೆ, ಕಾಯಕದ ಮಹಿಮೆ ಕೇಳುತ್ತೇವೆ, ಪ್ರಸಾದ ಮುಗಿಸಿ ಮನೆಗೆ ಹೋಗುತ್ತೇವೆ. ಮರುದಿನ ಅದೇ ಪಟದ ಕೆಳಗೆ ಕತ್ತರಿ ಹಿಡಿದು ನಿಲ್ಲುವ ಹುಡುಗನಿಗೆ ದಿನದ ಕೂಲಿ ಎಷ್ಟು ಬಿತ್ತೆಂದು ಯಾರೂ ಕೇಳುವುದಿಲ್ಲ. ಆ ಕುರ್ಚಿಯ ಹಿಂದೆ ಒಂಬತ್ತು ವರ್ಷ ನಿಂತವನಾದ್ದರಿಂದ ನಾನು ಕೇಳುತ್ತೇನೆ.

ನನ್ನ ತಂದೆ ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿ ಆಯದ ಮೇಲೆ ಕ್ಷೌರ ಮಾಡಿದವರು. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಜೋಳಕ್ಕೆ ಸೆರಗೊಡ್ಡಬೇಕಿತ್ತು. ಆ ಅವಮಾನ ಮಗನಿಗೆ ಬೇಡವೆಂದು ನನ್ನನ್ನು ಅಣ್ಣಿಗೇರಿಯ ಅಂಗಡಿಯೊಂದಕ್ಕೆ ಕಳಿಸಿದರು. ಅಲ್ಲಿ ಸಂಬಳವಿರಲಿಲ್ಲ, ಕಮಿಷನ್ ಇತ್ತು. ನೂರು ರೂಪಾಯಿ ಕೆಲಸವಾದರೆ ಅರ್ಧ ಮಾಲೀಕರಿಗೆ, ಅರ್ಧ ನನಗೆ. ನನ್ನ ಅರ್ಧದಲ್ಲಿ ಬ್ಲೇಡಿನದು, ಕ್ರೀಮಿನದು ಕಡಿತ. ಮುಂಜಾನೆ ಏಳಕ್ಕೆ ಬಾಗಿಲು ತೆಗೆಯಬೇಕು, ರಾತ್ರಿ ಒಂಬತ್ತಕ್ಕೆ ಕಸ ಹೊಡೆದು ಹೊರಡಬೇಕು. ಗಿರಾಕಿ ಬಂದರೆ ಕೂಲಿ, ಬರದಿದ್ದರೆ ಬರೇ ಚಹಾ.

ಗಿರಾಕಿ ಬರದ ದಿನಗಳನ್ನು ಮಾಡಿದವರು ಯಾರು? ನಾವೇ. ಅಮಾವಾಸ್ಯೆಗೆ ಕ್ಷೌರ ಬೇಡ, ಸೋಮವಾರ ಬೇಡ, ಶ್ರಾವಣ ಮುಗಿಯುವ ತನಕ ಗಡ್ಡ ಮುಟ್ಟುವಂತಿಲ್ಲ. ತಿಥಿ ವಾರಗಳ ಕಟ್ಟನ್ನು ಶರಣರು ಎಂಟು ನೂರು ವರ್ಷಗಳ ಹಿಂದೆಯೇ ಹರಿದು ಒಗೆದರು. ನಾವು ಅದನ್ನು ಹುಡುಕಿ ತಂದು ಮತ್ತೆ ಕೊರಳಿಗೆ ಸುತ್ತಿಕೊಂಡಿದ್ದೇವೆ. ವ್ರತ ನಮ್ಮದು, ಉಪವಾಸ ಮಾತ್ರ ಕಮಿಷನ್ ಹುಡುಗನ ಮನೆಯಲ್ಲಿ.

ಇನ್ನು ನನ್ನ ತಪ್ಪನ್ನೂ ಹೇಳಬೇಕು. ಈಗ ಕಲಘಟಗಿಯಲ್ಲಿ ನನ್ನದೇ ಎರಡು ಕುರ್ಚಿಯ ಅಂಗಡಿ ಇದೆ. ಒಂದು ಶ್ರಾವಣದಲ್ಲಿ ನನ್ನ ಹುಡುಗ ಬಾಗಿಲು ಹಾಕುವ ಹೊತ್ತಿಗೆ ಹೇಳಿದ: "ಅಣ್ಣಾರ, ಇವತ್ತ ನನ್ನ ಪಾಲಿಗೆ ತೊಂಬತ್ತು ರೂಪಾಯಿ ಬಂದೈತ್ರಿ. ಬಸ್ಸು, ಊಟ ಕಳದ್ರ ಮನಿಗೆ ಏನ್ ಒಯ್ಯಲಿ?" ನಾನು ಪಟದ ಕಡೆ ಬೊಟ್ಟು ಮಾಡಿ, "ಕಾಯಕ ಮಾಡು, ಫಲ ಕೇಳಬ್ಯಾಡ" ಅಂದೆ. ಅವನು ಸುಮ್ಮನೆ ಹೋದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹೇಳಿದ್ದು ಶರಣರ ಮಾತೇ ಅಲ್ಲ. ಫಲ ಕೇಳಬೇಡ ಎಂಬುದು ಬೇರೆ ಗ್ರಂಥದ ಉಪದೇಶ. ಶರಣರ ಕಾಯಕದಲ್ಲಿ ನ್ಯಾಯದ ಕೂಲಿಯೂ ಸೇರಿದೆ, ಆ ಕೂಲಿಯಿಂದಲೇ ದಾಸೋಹ ನಡೆಯಬೇಕು. ಕೂಲಿಯೇ ಇಲ್ಲದವನು ಯಾವುದರಿಂದ ದಾಸೋಹ ಮಾಡಿಯಾನು? ಆಯ್ದಕ್ಕಿ ಲಕ್ಕಮ್ಮ ಗಂಡ ತಂದ ಹೆಚ್ಚಿನ ಅಕ್ಕಿಯನ್ನು ತಿರುಗಿ ಸುರಿದು ಬಾ ಎಂದು ಕಳಿಸಿದಳು. ಆಕೆ ಪ್ರಶ್ನಿಸಿದ್ದು ಬೇಕಾದದ್ದಕ್ಕಿಂತ ಹೆಚ್ಚು ತಂದವನನ್ನು. ನಾವು ಆಕೆಯ ಹೆಸರು ಹೇಳಿ, ಸಾಲದೆ ಬಂದವನ ಬಾಯಿ ಮುಚ್ಚಿಸುತ್ತಿದ್ದೇವೆ.

"ಅವನು ನಮ್ಮ ಆಳಲ್ಲ, ಪಾಲುದಾರ" ಎನ್ನುವವರಿದ್ದಾರೆ. ಪಾಲುದಾರನಾದರೆ ದರದ ಹಲಗೆ ಬರೆದವರು ಯಾರು? ರಜೆ ಕೊಡುವವರು ಯಾರು? ಲೆಕ್ಕದ ಪುಸ್ತಕ ಅವನ ಕೈಗೆ ಎಂದಾದರೂ ಬಂದಿದೆಯೇ? ಬಂದಿಲ್ಲವಾದರೆ ಅವನು ಕಾರ್ಮಿಕನೇ.

ಕಾನೂನೂ ಕುರುಡಲ್ಲ. ಕನಿಷ್ಠ ದಿನಗೂಲಿ ನಿಗದಿಯಾದ ಉದ್ಯೋಗದಲ್ಲಿ ತುಂಡುಕೆಲಸದ ಲೆಕ್ಕದಲ್ಲಿ ದುಡಿಸಿದರೂ ಆ ಕೂಲಿಗಿಂತ ಕಡಿಮೆ ಕೊಡುವಂತಿಲ್ಲವೆಂದು 1948ರ ಕನಿಷ್ಠ ವೇತನ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ತಿಂಗಳ ವೇತನವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಬಾಕಿಯ ದಾವೆ ಬಂದರೆ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಹೊಣೆ ಮಾಲೀಕನದು. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಕೆರೆಯ ಹೂಳಿಗೆ ಇರುವ ಬೆಲೆ ಹದಿನಾಲ್ಕು ತಾಸು ನಿಂತ ಕಾಲಿಗೆ ಬೇಡವೇ?

ಸಣ್ಣ ಅಂಗಡಿಯ ಕಷ್ಟ ನನಗೂ ಗೊತ್ತು. ಬಾಡಿಗೆ, ಕರೆಂಟು, ಸಂಘದ ಕಂತು ಯಾವುದೂ ಶ್ರಾವಣಕ್ಕೆ ನಿಲ್ಲುವುದಿಲ್ಲ. ಹಾಗಿದ್ದರೂ ನಷ್ಟವನ್ನೆಲ್ಲ ಅಂಗಡಿಯ ಅತಿ ಬಡವನ ತಲೆಗೆ ಕಟ್ಟುವುದು ವ್ಯಾಪಾರವೂ ಅಲ್ಲ, ಕಾಯಕವೂ ಅಲ್ಲ. ಈಗ ನಮ್ಮ ಅಂಗಡಿಯಲ್ಲಿ ಗಿರಾಕಿ ಬರಲಿ ಬಿಡಲಿ ದಿನಗೂಲಿ ಖಚಿತ, ಕಮಿಷನ್ ಅದರ ಮೇಲೆ. ಬ್ಲೇಡಿನ ಖರ್ಚು ನನ್ನದು. ಲೆಕ್ಕದ ವಹಿ ಎರಡು, ಒಂದು ಅವನ ಹತ್ತಿರ. ಮಂಗಳವಾರದ ರಜೆಗೂ ಕೂಲಿ ಇದೆ. ಕ್ಷೌರದ ದರ ಹತ್ತು ರೂಪಾಯಿ ಏರಿಸಿದೆ. ನಾಲ್ಕು ಮಂದಿ ಗೊಣಗಿದರು, ಅಂಗಡಿಯೇನೂ ಮುಚ್ಚಲಿಲ್ಲ.

ಪೂಜ್ಯರಲ್ಲಿ, ಮಠಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ಬೇಡಿಕೆ ಇದೆ. ಪೇಟೆಯ ಎಷ್ಟೋ ಸಲೂನುಗಳು ಮಠದ ಮಳಿಗೆಗಳಲ್ಲೇ ಇವೆ. ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿಸಿರಿ: ಇಲ್ಲಿ ದುಡಿಯುವ ಯಾರಿಗೂ ಕನಿಷ್ಠ ಕೂಲಿಗಿಂತ ಕಡಿಮೆ ಕೊಡತಕ್ಕದ್ದಲ್ಲ. ಕರಾರು ಮುರಿದವರಿಗೆ ಮಳಿಗೆ ಇಲ್ಲ. ಆ ಸಾಲು ಬರೆಯಲು ಆಗದಿದ್ದರೆ ಬರುವ ಆಷಾಢ ಹುಣ್ಣಿಮೆಗೆ ಅಪ್ಪಣ್ಣನವರ ಪಟಕ್ಕೆ ಹೂ ಹಾಕಲು ನಮ್ಮ ಕೈ ಯಾವ ಧೈರ್ಯದಿಂದ ಏಳೀತು?