ಬೇಡ ಜಂಗಮರ ಪಾಲು ನಮಗೆ ಬೇಡ



ಎರಡು ವರ್ಷಗಳ ಹಿಂದೆ ಶ್ರಾವಣದ ಒಂದು ಸೋಮವಾರ. ಇಷ್ಟಲಿಂಗ ಪೂಜೆ ಮುಗಿಸಿ ಎದ್ದಿದ್ದೆ. ನನ್ನ ತಮ್ಮನ ಮಗ ಕೈಯಲ್ಲೊಂದು ಫೈಲು ಹಿಡಿದು ಬಂದ. "ದೊಡ್ಡಪ್ಪಾ, ನಿಮ್ಮದೊಂದು ಸಹಿ ಬೇಕಾಗಿತ್ರಿ" ಎಂದ. ಬಿಚ್ಚಿ ನೋಡಿದರೆ ಛಾಪಾ ಕಾಗದದ ಮೇಲೆ ಬರೆಸಿದ ಅಫಿಡವಿಟ್. ನಮ್ಮ ಮನೆತನ ತಲೆತಲಾಂತರದಿಂದ ಬೇಡ ಜಂಗಮ ಜಾತಿಗೆ ಸೇರಿದ್ದು ಎಂದು ನಿವೃತ್ತ ಸರ್ಕಾರಿ ಇಂಜಿನಿಯರ್ ಆದ ನಾನು ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣದ ಬಲದ ಮೇಲೆ ಅವನಿಗೆ ಪರಿಶಿಷ್ಟ ಜಾತಿ ಪ್ರಮಾಣಪತ್ರ ಸಿಗಬೇಕಿತ್ತು.

"ಇದು ಸುಳ್ಳಲ್ಲೇನಪ್ಪಾ?" ಎಂದೆ.

"ಎಲ್ಲಾರೂ ಮಾಡಿಸ್ಯಾರ್ರಿ ದೊಡ್ಡಪ್ಪಾ. ನಾವಷ್ಟ ಯಾಕ ಬಿಡಬೇಕು?"

ನಾನು ಸಹಿ ಹಾಕಲಿಲ್ಲ. ಅಂದಿನಿಂದ ತಮ್ಮ ನನ್ನ ಮನೆಯ ಹೊಸ್ತಿಲು ತುಳಿದಿಲ್ಲ. "ನಿನಗ ಪೆನ್ಷನ್ ಬರ್ತದ, ನೀತಿ ಹೇಳ್ತಿ" ಎಂದು ಹೇಳಿ ಕಳಿಸಿದ. ಆ ಮಾತು ಚುಚ್ಚಿತು. ಅದರಲ್ಲಿ ಅರ್ಧ ಸತ್ಯವಿದೆ ಎಂಬುದೇ ಅದಕ್ಕೆ ಕಾರಣ. ಉಳಿದರ್ಧದ ಬಗ್ಗೆ ಈ ಬರಹ.

ನಾನು ಹುಟ್ಟಿದ್ದು ಅಯ್ಯನವರ ಮನೆಯಲ್ಲಿ. ನನ್ನಜ್ಜ ಜೋಳಿಗೆ ಹಾಕಿಕೊಂಡು ಕಂತಿ ಭಿಕ್ಷೆಗೆ ಹೋಗುತ್ತಿದ್ದರು. ಮನೆಯಲ್ಲಿ ಬಡತನವಿತ್ತು, ನಾನು ಓದಿದ್ದು ಮಠದ ಉಚಿತ ಪ್ರಸಾದ ನಿಲಯದಲ್ಲಿ. ಅದನ್ನು ಮುಚ್ಚಿಡುವುದಿಲ್ಲ. ಪ್ರಮಾಣಪತ್ರ ಕೇಳುವವರ ವಾದವೂ ಇಲ್ಲಿಂದಲೇ ಶುರುವಾಗುತ್ತದೆ. ಬೇಡುವ ಜಂಗಮನೇ ಬೇಡ ಜಂಗಮ, ನಮ್ಮ ಹಿರಿಯರೂ ಬೇಡಿದ್ದಾರೆ, ಆದ್ದರಿಂದ ನಾವೂ ಬೇಡ ಜಂಗಮರು ಎನ್ನುತ್ತಾರೆ.

ಆದರೆ ನಮ್ಮೂರಿಗೆ ಇನ್ನೊಬ್ಬರೂ ಬರುತ್ತಿದ್ದರು. ಹಗಲುವೇಷದವರು. ರಾಮ, ರಾವಣ, ಭೀಮನ ವೇಷ ಕಟ್ಟಿ, ಹಾರ್ಮೋನಿಯಂ ಬಾರಿಸುತ್ತ, ಮನೆ ಮನೆ ಮುಂದೆ ಹಾಡಿ ಕಾಳು ಪಡೆಯುತ್ತಿದ್ದರು. ಊರಾಚೆ ಬಯಲಲ್ಲಿ ಗುಡಾರ ಹಾಕಿ, ಕೆಲವು ದಿನ ಇದ್ದು, ಮುಂದಿನ ಊರಿಗೆ ಹೋಗುತ್ತಿದ್ದರು. ಬುಡ್ಗ ಜಂಗಮರು ಎಂದರೆ ಇವರು. ಅಜ್ಜನ ಜೋಳಿಗೆಗೂ ಅವರ ಜೋಳಿಗೆಗೂ ಬಿದ್ದದ್ದು ಅದೇ ಜೋಳ. ಆದರೆ ಅಜ್ಜ ಬಂದಾಗ ಮನೆಯವರು ಕಾಲಿಗೆ ನೀರು ಕೊಟ್ಟು, ಒಳಗೆ ಕರೆದು ಗದ್ದುಗೆ ಹಾಕಿ, ಪಾದ ಮುಟ್ಟಿ ನಮಸ್ಕರಿಸುತ್ತಿದ್ದರು. ವೇಷದವರು ಅಂಗಳ ದಾಟಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅವರ ಮಕ್ಕಳು ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಪರಿಶಿಷ್ಟ ಜಾತಿ ಪಟ್ಟಿ ಹುಟ್ಟಿದ್ದು ಯಾರು ಬೇಡಿದರು ಎಂದು ಎಣಿಸುವುದಕ್ಕಲ್ಲ. ಯಾರನ್ನು ಅಂಗಳದಾಚೆ ನಿಲ್ಲಿಸಲಾಯಿತು ಎಂದು ಗುರುತಿಸುವುದಕ್ಕೆ. ಪಾದಪೂಜೆ ಮಾಡಿಸಿಕೊಂಡ ಮನೆತನ ಅಸ್ಪೃಶ್ಯತೆಯ ಪರಿಹಾರ ಕೇಳುವುದು ಯಾವ ನ್ಯಾಯ?

ಇನ್ನು ಕಾನೂನಿನ ಮಾತು. ಸಂವಿಧಾನದ 341ನೇ ವಿಧಿಯ ಪ್ರಕಾರ ಯಾವ ಜಾತಿ ಪರಿಶಿಷ್ಟ ಎಂದು ರಾಷ್ಟ್ರಪತಿಗಳ ಆದೇಶ ಹೇಳುತ್ತದೆ. ಆ ಪಟ್ಟಿಗೆ ಸೇರಿಸುವುದು, ತೆಗೆಯುವುದು ಸಂಸತ್ತಿನ ಕೆಲಸ. ನಮ್ಮ ರಾಜ್ಯದ ಪಟ್ಟಿಯಲ್ಲಿ ಬೇಡ ಜಂಗಮ, ಬುಡ್ಗ ಜಂಗಮ ಎರಡೂ ಒಂದೇ ನಮೂದಿನಲ್ಲಿ ಜೊತೆಗಿವೆ. ಹಿಂದೆ ಇದು ಹೈದರಾಬಾದ್ ಕರ್ನಾಟಕದ ಭಾಗಕ್ಕೆ ಸೀಮಿತವಾಗಿತ್ತು. 1976ರ ತಿದ್ದುಪಡಿ ಕಾಯ್ದೆ ಆ ಪ್ರದೇಶದ ಮಿತಿಯನ್ನು ತೆಗೆದುಹಾಕಿತು. ತೆಗೆದದ್ದು ಅಲೆಮಾರಿಗೆ ಜಿಲ್ಲೆಯ ಗಡಿ ಅಡ್ಡಿಯಾಗಬಾರದೆಂದು, ಹಿರೇಮಠಗಳ ವಾರಸುದಾರರು ಒಳಗೆ ಬರಲಿ ಎಂದಲ್ಲ.

ನಮ್ಮವರು ಒಂದು ತೀರ್ಪನ್ನು ಹಿಡಿದು ವಾದಿಸಬಹುದು. 1964ರ ಬಸವಲಿಂಗಪ್ಪ–ಮುನಿಚಿನ್ನಪ್ಪ ಪ್ರಕರಣದಲ್ಲಿ, ಪಟ್ಟಿಯಲ್ಲಿದ್ದ ಭೋವಿ ಎಂದರೆ ವಡ್ಡರೇ ಎಂದು ಸಾಕ್ಷ್ಯದ ಮೂಲಕ ತೋರಿಸಲು ಸುಪ್ರೀಂ ಕೋರ್ಟ್ ಒಪ್ಪಿತು. ನಿಜ. ಆದರೆ ಏಕೆ ಒಪ್ಪಿತು? ಹಳೆಯ ಮೈಸೂರಿನಲ್ಲಿ ಭೋವಿ ಎಂಬ ಹೆಸರಿನ ಜಾತಿಯೇ ಇರಲಿಲ್ಲ, ಹಾಗಾದರೆ ಆದೇಶ ಯಾರನ್ನು ಉದ್ದೇಶಿಸಿತು ಎಂದು ಹುಡುಕಬೇಕಾಯಿತು. ಬುಡ್ಗ ಜಂಗಮರು ಹಾಗೆ ಹುಡುಕಬೇಕಾದವರಲ್ಲ. ಗುಡಾರದಲ್ಲಿ ಕಣ್ಣೆದುರಿಗೇ ಇದ್ದಾರೆ. 2000ದಲ್ಲಿ ಮಿಲಿಂದ್ ಪ್ರಕರಣದಲ್ಲಿ ಸಂವಿಧಾನ ಪೀಠ, ಆದೇಶವನ್ನು ಇದ್ದ ಹಾಗೆಯೇ ಓದಬೇಕು, ಹೆಸರಿನ ಹೋಲಿಕೆ ಹಿಡಿದು ಇನ್ನೊಂದು ಜಾತಿಯನ್ನು ಒಳಗೆ ಎಳೆದುಕೊಳ್ಳುವಂತಿಲ್ಲ ಎಂದು ಸ್ಪಷ್ಟಪಡಿಸಿತು. 1994ರ ಮಾಧುರಿ ಪಾಟೀಲ್ ತೀರ್ಪು ಜಾತಿ ಪರಿಶೀಲನಾ ಸಮಿತಿಗಳಿಗೆ ದಾರಿ ಮಾಡಿತು. 2017ರಲ್ಲಿ ಅದೇ ನ್ಯಾಯಾಲಯ, ಸುಳ್ಳು ಪ್ರಮಾಣಪತ್ರದಿಂದ ಪಡೆದ ನೌಕರಿಯಾಗಲಿ ಸೀಟಾಗಲಿ ಉಳಿಯುವುದಿಲ್ಲ ಎಂದಿತು. ಮಗನಿಗೆ ದಾರಿ ಮಾಡಿಕೊಟ್ಟೆ ಎಂದುಕೊಂಡ ತಂದೆ ಅವನ ಕಾಲಡಿಯ ನೆಲವನ್ನೇ ಟೊಳ್ಳು ಮಾಡಿರುತ್ತಾನೆ.

ಇನ್ನೊಂದು ಮಾತು ಹೇಳದೆ ವಿಧಿಯಿಲ್ಲ. 1950ರ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮದವರು ಮಾತ್ರ ಪರಿಶಿಷ್ಟ ಜಾತಿಗೆ ಸೇರುತ್ತಾರೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಲಾಯಿತು. ನಾವೇನು ಹೇಳುತ್ತಿದ್ದೇವೆ? ಲಿಂಗಾಯತ ಸ್ವತಂತ್ರ ಧರ್ಮ ಎನ್ನುತ್ತೇವೆ. 2018ರಲ್ಲಿ ರಾಜ್ಯ ಸರ್ಕಾರ ಅದನ್ನು ಶಿಫಾರಸು ಮಾಡಿದಾಗ ಸಿಹಿ ಹಂಚಿದೆವು. ಬೆಳಿಗ್ಗೆ ಸಮಾವೇಶದಲ್ಲಿ ಸ್ವತಂತ್ರ ಧರ್ಮಕ್ಕೆ ಜೈಕಾರ ಹಾಕಿ, ಮಧ್ಯಾಹ್ನ ತಹಶೀಲ್ದಾರರ ಕಚೇರಿಯಲ್ಲಿ ಹಿಂದೂ ಬೇಡ ಜಂಗಮ ಎಂದು ಪ್ರಮಾಣ ಮಾಡುವವನಿಗೆ ಯಾವ ಧರ್ಮವೂ ಇಲ್ಲ. ಅವನಿಗಿರುವುದು ಲಾಭ ಒಂದೇ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ನೀರಾವರಿ ಕೆಲಸ ಮಾಡಿದವನು. ನಾಲೆಯ ಕೊನೆ ಭಾಗದ ರೈತನ ಮುಖ ನನಗೆ ಗೊತ್ತು. ಮೇಲ್ಭಾಗದಲ್ಲಿ ಬಲವುಳ್ಳವರು ರಾತ್ರಿ ಪಂಪ್‌ಸೆಟ್ ಹಚ್ಚಿ ನೀರೆತ್ತುತ್ತಾರೆ. ತಲೆಗೇಟಿನ ರಿಜಿಸ್ಟರಿನಲ್ಲಿ ನೀರು ಪೂರ್ತಿ ಬಿಟ್ಟ ಲೆಕ್ಕವಿರುತ್ತದೆ. ಕೊನೆಯ ತೂಬಿನಲ್ಲಿ ಮಾತ್ರ ಮಣ್ಣು ಬಿರುಕು ಬಿಟ್ಟಿರುತ್ತದೆ. ಬೇಡ ಜಂಗಮರ ಮೀಸಲಾತಿಯೂ ಹೀಗೇ. ಕಡತದಲ್ಲಿ ಹುದ್ದೆ ಭರ್ತಿಯಾಗಿರುತ್ತದೆ, ಫಲಾನುಭವಿಯ ಜಾತಿಯ ಕಾಲಂ ಸರಿಯಾಗಿರುತ್ತದೆ. ಗುಡಾರದ ಹುಡುಗನಿಗೆ ಮಾತ್ರ ಏನೂ ತಲುಪಿರುವುದಿಲ್ಲ. ಅವನಿಗೆ ಹೊಲವಿಲ್ಲ, ಕಾಯಂ ವಿಳಾಸವಿಲ್ಲ, ತಂದೆಯ ಶಾಲಾ ದಾಖಲೆಯಿಲ್ಲ. ನಿಜವಾದ ಬೇಡ ಜಂಗಮ ಪ್ರಮಾಣಪತ್ರಕ್ಕೆ ಹೋದರೆ, ನಮ್ಮವರ ಸುಳ್ಳುಗಳಿಂದ ಎಚ್ಚೆತ್ತ ಅಧಿಕಾರಿ ಅವನನ್ನೇ ಅನುಮಾನದಿಂದ ನೋಡುತ್ತಾನೆ. ನಾವು ಅವನ ಪಾಲನ್ನಷ್ಟೇ ಅಲ್ಲ, ಅವನ ಹೆಸರನ್ನೂ ಕಿತ್ತುಕೊಂಡಿದ್ದೇವೆ.

2025ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಗಳ ಶೇ. 17ರ ಮೀಸಲಾತಿಯನ್ನು 6, 6, 5 ಎಂದು ಹಂಚಿದಾಗ, ತಮಗೆ ಪ್ರತ್ಯೇಕ ಪಾಲಿಲ್ಲವೆಂದು ಅಲೆಮಾರಿ ಸಮುದಾಯಗಳು ಬೀದಿಗಿಳಿದವು. ಒಂದೊಂದು ಕಾಳಿಗೂ ಅವರು ಹೋರಾಡುತ್ತಿರುವಾಗ ನಮ್ಮ ಕೈ ಅವರ ಜೋಳಿಗೆಯಲ್ಲಿದೆ.

ಹಾಗಾದರೆ ನಮ್ಮ ಬಡ ಅಯ್ಯನವರ ಮಕ್ಕಳು ಏನು ಮಾಡಬೇಕು? ರಾಜ್ಯದಲ್ಲಿ ನಮಗೆ 3ಬಿ ಪ್ರವರ್ಗವಿದೆ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿಲ್ಲದ ನಮ್ಮ ಬಡವರಿಗೆ ಕೇಂದ್ರದ ಆರ್ಥಿಕ ದುರ್ಬಲ ವರ್ಗದ ಶೇ. 10ರ ಮೀಸಲಾತಿಯಿದೆ. ಸಾಲದಿದ್ದರೆ ಹಿಂದುಳಿದ ವರ್ಗಗಳ ಆಯೋಗದ ಮುಂದೆ ಅಂಕಿ ಅಂಶ ಇಟ್ಟು ಕೇಳೋಣ. 2021ರಲ್ಲಿ ಪಂಚಮಸಾಲಿಗಳು 2ಎ ಬೇಡಿಕೆಯಿಟ್ಟು ಕೂಡಲಸಂಗಮದಿಂದ ಬೆಂಗಳೂರಿಗೆ ನಡೆದರು. ಆ ಬೇಡಿಕೆಯನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಅವರು ತಮ್ಮ ಹೆಸರಿನಲ್ಲೇ, ಹಾಡಹಗಲೇ ಕೇಳಿದರು. ಬೇರೆಯವರ ಹೆಸರು ಹೊದ್ದು ಬರಲಿಲ್ಲ.

ಬಸವಣ್ಣನವರೂ ಜಾತಿ ಬದಲಿಸಿ ಹೇಳಿಕೊಂಡವರೇ. ಬಿಜ್ಜಳನ ಭಂಡಾರಿ, ಹುಟ್ಟಿನಿಂದ ಬ್ರಾಹ್ಮಣ, ಮಾದಾರ ಚೆನ್ನಯ್ಯನ ಬಳಗದವನು ತಾನೆಂದರು. ಹಾಗೆಂದು ಕಳೆದುಕೊಂಡರೇ ಹೊರತು ಗಳಿಸಲಿಲ್ಲ. ಹರಳಯ್ಯ, ಮಧುವರಸರು ಆ ಸಂಬಂಧವನ್ನು ಮದುವೆಯವರೆಗೆ ಒಯ್ದು ಪ್ರಾಣವನ್ನೇ ಕೊಟ್ಟರು. ನಾವೂ ಕೆಳಗಿನವರೆಂದು ಹೇಳಿಕೊಳ್ಳುತ್ತಿದ್ದೇವೆ, ಆದರೆ ಕಚೇರಿಯ ಕೌಂಟರಿನಲ್ಲಿ ಮಾತ್ರ. ಬೇಡ ಜಂಗಮ ಎಂದು ಪ್ರಮಾಣಪತ್ರ ಪಡೆದ ಮನೆಯವರು ಒಬ್ಬ ಬುಡ್ಗ ಜಂಗಮನ ಮನೆಗೆ ಹೆಣ್ಣು ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ನಾನೇ ಬಂದು ಅವರ ಪಾದಕ್ಕೆ ಶರಣೆನ್ನುತ್ತೇನೆ.

ಮಠಾಧೀಶರಲ್ಲಿ ನನ್ನ ಬಿನ್ನಹ ಎರಡೇ. ಜಾತಿ ದೃಢೀಕರಣಕ್ಕೆ ಮಠದ ಪತ್ರ ಕೇಳಿ ಬಂದವರನ್ನು ಬರಿಗೈಲಿ ಕಳಿಸಿರಿ. ನನ್ನನ್ನು ಓದಿಸಿದಂಥ ಪ್ರಸಾದ ನಿಲಯಗಳ ಬಾಗಿಲನ್ನು ಗುಡಾರದ ಮಕ್ಕಳಿಗೆ ತೆರೆದು, ಅದೇ ಪಂಕ್ತಿಯಲ್ಲಿ ಕೂರಿಸಿರಿ. ಶರಣರಿಗೆ ಜಂಗಮವೆಂದರೆ ಜಾತಿಯಲ್ಲ, ಅರಿವು ಎಂದು ಪ್ರವಚನದಲ್ಲಿ ಹೇಳುತ್ತೇವಲ್ಲ, ಅದನ್ನು ಕಡತದಲ್ಲೂ ತೋರಿಸೋಣ.

ಆ ಅಫಿಡವಿಟ್ ಇನ್ನೂ ನನ್ನ ಕಪಾಟಿನಲ್ಲಿದೆ. ಹುಡುಗ ಮರೆತು ಹೋದನೋ, ಬಿಟ್ಟು ಹೋದನೋ ತಿಳಿಯದು. ಈಗ ಅವನು 3ಬಿಯಲ್ಲೇ ಅರ್ಜಿ ಹಾಕಿ ಪರೀಕ್ಷೆಗೆ ಓದುತ್ತಿದ್ದಾನೆಂದು ಕೇಳಿದೆ. ಪುಸ್ತಕದ ಖರ್ಚಿಗೆಂದು ನನ್ನ ಪೆನ್ಷನ್ನಿನಲ್ಲಿ ಸ್ವಲ್ಪ ಕಳಿಸಿದೆ. ತಮ್ಮ ಹಣ ಹಿಂದಿರುಗಿಸಲಿಲ್ಲ. ಮಾತೂ ಆಡಲಿಲ್ಲ. ಕಾಯುತ್ತೇನೆ.